ಪಿಸುಮಾತಿನ ಮನೆ

ನಮ್ಮ ಮನೆಯಲ್ಲಿ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರರವರೆಗೆ ಯಾರೂ ಗಂಟಲೆತ್ತಿ ಮಾತಾಡುತ್ತಿರಲಿಲ್ಲ. ಜಗಳವನ್ನೂ ಪಿಸುಗುಟ್ಟಿಯೇ ಆಡಬೇಕು. ಅದೆಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು. ಅರ್ಧಕ್ಕೇ ನಗು ಬಂದುಬಿಡುತ್ತದೆ, ಕಷ್ಟಪಟ್ಟು ತಂದುಕೊಂಡ ಸಿಟ್ಟೆಲ್ಲ ಹಾಳು.

ಇದಕ್ಕೆಲ್ಲ ಕಾರಣ ನನ್ನ ನಾದಿನಿ. ದೊಡ್ಡಾಸ್ಪತ್ರೆಯಲ್ಲಿ ನರ್ಸು. ದಿನ ತುಂಬುವ ಮೊದಲೇ ಹುಟ್ಟಿದ, ಅಂಗೈಯಲ್ಲಿ ಹಿಡಿಸುವಂಥ ಕೂಸುಗಳನ್ನು ನೋಡಿಕೊಳ್ಳುವ ವಾರ್ಡು. ಹನ್ನೊಂದು ವರ್ಷದಿಂದ ಬರೀ ರಾತ್ರಿ ಪಾಳಿ. ಮಾವ ತೀರಿಕೊಂಡ ವರ್ಷ, ರಾತ್ರಿ ಪಾಳಿಗೆ ಸಂಬಳ ಜಾಸ್ತಿ ಅಂತ ತಾನೇ ಹೋಗಿ ಕೇಳಿ ಹಾಕಿಸಿಕೊಂಡಳು. ಆಮೇಲೆ ಬಿಡಿಸಿಕೊಳ್ಳುವ ಮಾತೇ ಎತ್ತಲಿಲ್ಲ. ನಾವೂ ಎತ್ತಲಿಲ್ಲ, ಅದೂ ನಿಜ. ಬೀದಿಯವರೆಲ್ಲ ಅವಳನ್ನು ಸಿಸ್ಟರ್ ಅಂತಾರೆ. ನನ್ನ ಮಕ್ಕಳು ಸಿಸ್ಟರತ್ತೆ ಅಂತಾರೆ. ಅವಳಮ್ಮ, ಅಂದರೆ ನನ್ನ ಅತ್ತೆ, ಸಿಟ್ಟು ಬಂದಾಗ ಮಾತ್ರ "ಏನಮ್ಮಾ ಸಿಸ್ಟರ್" ಅಂತಾರೆ.

ನಾನು ಸಿಟಿ ಬಸ್ಸಿನ ಕಂಡಕ್ಟರ್. ಗಂಟಲೇ ನನ್ನ ಬಂಡವಾಳ. "ಒಳಗೆ ಮೈದಾನದಷ್ಟು ಜಾಗ ಇದೆ, ಬಾಗಿಲಲ್ಲೇ ಯಾಕೆ ನೇತಾಡ್ತೀರಿ, ಮುಂದೆ ಹೋಗಿ ಸ್ವಾಮಿ" ಅಂತ ದಿನಕ್ಕೆ ನಾನೂರು ಸಲ ಕೂಗುವವಳು. ಅತ್ತೆ ಮೂವತ್ತು ವರ್ಷ ಮಾರುಕಟ್ಟೆಯಲ್ಲಿ ತರಕಾರಿ ಮಾರಿದವರು. ಅವರು ಟೊಮೆಟೊ ಅಂದರೆ ಆಚೆ ಸಾಲಿನ ಗಿರಾಕಿಗಳು ಈಚೆ ಬರುತ್ತಿದ್ದರಂತೆ. ನನ್ನ ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದು ಇದ್ದು ಅರ್ಧ ಕಿವುಡು. ಅವರು ಪಿಸುಗುಟ್ಟಿದರೆ ಮೂರನೇ ಮನೆಗೆ ಕೇಳುತ್ತದೆ. ಇಂಥ ಮೂರು ಜನ ಸೇರಿ ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಎರಡು ಬೆರಳು ತೋರಿಸಿದರೆ ಚಹಾ. ಕಿವಿ ಮುಟ್ಟಿದರೆ ಬಾಗಿಲಲ್ಲಿ ಯಾರೋ ಇದ್ದಾರೆ ಅಂತ. ಕುಕ್ಕರ್ ಕೂಗಬೇಕಾದರೆ ಎಂಟೂವರೆಗೆ ಮೊದಲು, ಇಲ್ಲ ಮೂರರ ನಂತರ. ತಟ್ಟೆ ಇಡುವಾಗ ಕೆಳಗೊಂದು ಬಟ್ಟೆ.

ಮನೆಯಲ್ಲಿ ಇದ್ದದ್ದು ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ. ನಾವು ಆರು ಜನ. ರೂಮಿನಲ್ಲಿ ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು. ಅಡುಗೆಮನೆ ಬಾಗಿಲಲ್ಲಿ ಅತ್ತೆಯ ಹಾಸಿಗೆ. ಹಾಲಿನ ಅರ್ಧಕ್ಕೆ ದಪ್ಪ ನೀಲಿ ಪರದೆ, ಪರದೆಯ ಹಿಂದೆ ನಾದಿನಿಯ ಮಂಚ. ಹತ್ತನೇ ತರಗತಿಗೆ ಬಂದ ದೊಡ್ಡವಳು ಬಚ್ಚಲುಮನೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತು ಓದುತ್ತಿದ್ದಳು. ಯಾರಿಗಾದರೂ ಅವಸರವಾದರೆ ಭೂಗೋಳ ಅರ್ಧಕ್ಕೇ ನಿಲ್ಲಬೇಕು. ಚಿಕ್ಕವಳ ಟೀಚರು ಒಂದು ದಿನ ನನ್ನನ್ನು ಕರೆಸಿ, "ಮಗು ಕ್ಲಾಸಲ್ಲೂ ಪಿಸುಪಿಸು ಅಂತಾಳೆ, ಗಂಟಲು ಡಾಕ್ಟರಿಗೆ ತೋರಿಸಿ" ಅಂದರು. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ.

ಹೇಗೋ ನಡೆಯುತ್ತಿತ್ತು. ಆದರೆ ನಮ್ಮ ಗೋಡೆಗೆ ಅಂಟಿಕೊಂಡೇ ಟೈರ್ ಅಂಗಡಿ ಶುರುವಾಯಿತು. ಒಂಬತ್ತು ಗಂಟೆಗೆ ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದರೆ ಸಂಜೆ ಆರಕ್ಕೇ ನಿಲ್ಲೋದು. ನಾದಿನಿ ಕಿವಿಗೆ ಹತ್ತಿ ತುರುಕಿಕೊಂಡಳು. ಮೇಲೆ ದಿಂಬಿಟ್ಟುಕೊಂಡಳು. "ಹೊರಗಿನ ಸದ್ದು ನಮ್ಮ ಕೈಲಿಲ್ಲ, ಒಳಗಿನದಾದರೂ ಇರಬಾರದು" ಅಂತ ಅತ್ತೆ ನಮ್ಮ ಪಿಸುಮಾತನ್ನೂ ಅರ್ಧಕ್ಕಿಳಿಸಿದರು.

ಒಂದು ಬೆಳಗ್ಗೆ ನಾದಿನಿ ಬಂದವಳು ಬ್ಯಾಗೂ ಇಳಿಸದೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಅಮ್ಮ, ಇವತ್ತು ಔಷಧಿ ಬಾಟಲಿ ಮೇಲಿನ ಲೇಬಲ್ ಎರಡು ಸಲ ಓದಿದೆ. ತಲೆಗೇ ಹೋಗ್ಲಿಲ್ಲ. ಪಕ್ಕದ ವಾರ್ಡಿನವಳನ್ನ ಕರೆದು ಅವಳ ಕೈಲಿ ಓದಿಸಿ, ಆಮೇಲೆ ಕೊಟ್ಟೆ."

"ಏನೂ ಆಗ್ಲಿಲ್ವಲ್ಲ?"

"ಇವತ್ತು ಆಗ್ಲಿಲ್ಲ. ಹೀಗೇ ನಿದ್ದೆ ಇಲ್ದೆ ಇದ್ರೆ ನಾನು ಆ ವಾರ್ಡಲ್ಲಿ ಇರಬಾರದು. ಬಿಟ್ಟುಬಿಡ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಈ ಮಾತನ್ನು ಮನೆಯಲ್ಲೂ ಹೇಳುತ್ತಿರಲಿಲ್ಲ. ನನಗಂತೂ ಅವಳ ಕಾಲು ಮುಟ್ಟಬೇಕು ಅನ್ನಿಸಿತು, ನನಗಿಂತ ಚಿಕ್ಕವಳಾದರೂ. ಅತ್ತೆ ಅವಳ ಹೆಗಲಿನ ಬ್ಯಾಗು ಇಳಿಸಿ, "ವಾರ್ಡ್ ಬಿಡೋದು ಬೇಡ. ಮನೆ ಬಿಡೋಣ" ಅಂದರು. ಮನೆ ಅವರ ಹೆಸರಲ್ಲಿತ್ತು, ಮಾತೂ ಅವರದೇ.

ಎರಡು ವಾರ ಹುಡುಕಿದ ಮೇಲೆ ಒಂದು ಗಲ್ಲಿಯ ಕೊನೆಯಲ್ಲಿ ಮನೆ ಸಿಕ್ಕಿತು. ನಿವೃತ್ತ ಡ್ರಾಯಿಂಗ್ ಮೇಷ್ಟ್ರದು. ಕೆಳಗೆ ಹಾಲು, ಅಡುಗೆಮನೆ, ಒಂದು ರೂಮು; ಮೇಲೆ ಎರಡು ರೂಮು. ಮಹಡಿಯ ಹಿಂದಿನ ರೂಮಿಗೆ ಬೀದಿ ಕಡೆ ಕಿಟಕಿಯೇ ಇಲ್ಲ. ನಾದಿನಿ ಅದರ ಬಾಗಿಲು ಹಾಕಿಕೊಂಡು ಐದು ನಿಮಿಷ ಒಳಗಿದ್ದಳು. ಹೊರಗೆ ಬಂದಾಗ ಅವಳ ಮುಖ ನೋಡಬೇಕಿತ್ತು, ಮತ್ತೆ ಹುಡುಗಿಯಾಗಿಬಿಟ್ಟಿದ್ದಳು.

"ಅತ್ತಿಗೆ, ಇಲ್ಲಿ ನಿಂತರೂ ನಿದ್ದೆ ಬರುತ್ತೆ!"

ಮೇಷ್ಟ್ರು ಎರಡು ತಿಂಗಳು ಕಾಯುತ್ತೇನೆ ಅಂದರು. ಅಷ್ಟರಲ್ಲಿ ನಮ್ಮ ಮನೆ ಮಾರಾಟವಾಗಬೇಕು. ಆಗದಿದ್ದರೆ ಬೇರೆಯವರು ಸಾಲಾಗಿ ನಿಂತಿದ್ದಾರೆ.

ಬ್ರೋಕರ್ ಒಬ್ಬ ಗೊತ್ತಾದ. ಸೊಂಟದಲ್ಲಿ ಸದಾ ಹತ್ತಿಪ್ಪತ್ತು ಬೀಗದಕೈ ಜೋತಾಡುತ್ತಿದ್ದರಿಂದ ನನ್ನ ಗಂಡ ಅವನಿಗೆ ಕೀಚೈನ್ ಅಂತ ಹೆಸರಿಟ್ಟರು. ಹಾಲಿಗೆ ಬೆಳಗ್ಗೆ ಒಳ್ಳೆಯ ಬೆಳಕು ಬೀಳುತ್ತದೆ ಅಂತ ಕೀಚೈನ್ ಗಿರಾಕಿಗಳನ್ನೆಲ್ಲ ಹತ್ತು ಗಂಟೆಗೇ ಕರೆತರುತ್ತಿದ್ದ. ಮೊದಲ ವಾರ ಮೂರು ಜನ, ಎರಡನೇ ವಾರ ಐದು ಜನ ಬಂದರು. ಬರುವಾಗ ನಗುತ್ತಾ ಬರೋರು. ನಾವು ಬಾಗಿಲಲ್ಲೇ ನಿಂತು, "ಬನ್ನಿ, ಬನ್ನಿ" ಅಂತ ಅಕ್ಕರೆಯಿಂದ ಕರೆದು, ಚಹಾ ಕೊಟ್ಟು, ಅಡುಗೆಮನೆಯ ಕಪಾಟು, ನೀರಿನ ಟ್ಯಾಂಕು ಎಲ್ಲ ತೋರಿಸುತ್ತಿದ್ದೆವು. ಹತ್ತು ನಿಮಿಷದಲ್ಲಿ ಅವರ ನಗು ಇಳಿದುಹೋಗುತ್ತಿತ್ತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗೋರು. ಒಬ್ಬ ದಪ್ಪನೆಯ ಮನುಷ್ಯನಂತೂ ಜೋರಾಗಿ, "ಇದು ಸ್ವಂತದ್ದಾ?" ಅಂತ ಕೇಳಿದ. ಅತ್ತೆ ತುಟಿ ಮೇಲೆ ಬೆರಳಿಟ್ಟು, ಕಣ್ಣರಳಿಸಿ ಪರದೆ ತೋರಿಸಿದರು. ಆಸಾಮಿ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಬೀದಿಗಿಳಿದ.

ತಿಂಗಳು ಕಳೆಯಿತು. ಒಬ್ಬನೂ ಎರಡನೇ ಸಲ ಬರಲಿಲ್ಲ. ಕೊನೆಗೆ ಕೀಚೈನ್ ಒಬ್ಬನೇ ಬಂದು ತಲೆ ಮೇಲೆ ಕೈಹೊತ್ತು ಕೂತ.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವೆಲ್ಲ ಯಾಕೆ ಕಳ್ಳರ ಥರ ಮಾತಾಡ್ತೀರಿ?"

"ಯಾರು? ನಾವಾ?" ಅಂದೆ ನಾನು, ಪಿಸುದನಿಯಲ್ಲಿ.

"ನೋಡಿ, ಈಗ್ಲೂ! ಒಬ್ರು ಪರದೆ ಹಿಂದೆ ಅಂಟುಖಾಯಿಲೆಯವರು ಮಲಗಿದಾರೆ ಅಂದ್ರು. ಇನ್ನೊಬ್ರು ಗೋಡೆ ಎಷ್ಟು ತೆಳ್ಳಗಿರಬಹುದು, ಮಾತಾಡಿದ್ರೆ ಟೈರ್ ಅಂಗಡಿಗೆ ಕೇಳುತ್ತೆ ಅಂದ್ರು. ಆ ದಪ್ಪನೆಯವರಂತೂ, 'ಮನೆಯ ನಿಜವಾದ ಯಜಮಾನರು ಪರದೆ ಹಿಂದೆ ಮಲಗಿದಾರೆ, ಇವರು ಅವರಿಗೆ ಗೊತ್ತಾಗದ ಹಾಗೆ ಮಾರ್ತಿದಾರೆ, ನಾಳೆ ನಾನು ಕೋರ್ಟು ಅಲೀಬೇಕು' ಅಂತ ನನ್ನ ಮೇಲೇ ಹರಿಹಾಯ್ದ್ರು."

ಅತ್ತೆ ಬಾಯಿಗೆ ಸೆರಗಿನ ತುದಿ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ಸದ್ದಿಲ್ಲದೆ ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ಹಿಡಿದುಕೊಂಡಿತು. ನಮಗೆ ನಾವು ಪಿಸುಗುಟ್ಟುತ್ತೇವೆ ಅನ್ನುವುದೇ ಮರೆತುಹೋಗಿತ್ತು!

ಮುಂದಿನ ಗಿರಾಕಿ ಗುರುವಾರ ಅಂತ ಹೇಳಿ ಕೀಚೈನ್ ಹೋದ. ಆ ಹೊತ್ತಿಗೆ ನಾದಿನಿ ಆಸ್ಪತ್ರೆಯ ವಿಶ್ರಾಂತಿ ಕೋಣೆಯಲ್ಲೇ ಮಲಗುವುದು, ನಾವು ಮನುಷ್ಯರ ಹಾಗೆ ಮಾತಾಡುವುದು ಅಂತ ತೀರ್ಮಾನವಾಯಿತು. ಆದರೆ ಆ ಹಾಲಿಗೆ ಕಾಲಿಟ್ಟರೆ ಸಾಕು, ದನಿ ತಾನಾಗಿ ಇಳಿಯುತ್ತಿತ್ತು. ಭಾನುವಾರ ಸಂಜೆ ನಾದಿನಿ ಚಹಾ ಹಿಡಿದು ತಾರಸಿಗೆ ಹೋಗಿದ್ದಾಗ ಅತ್ತೆ ಎಲ್ಲರನ್ನೂ ಹಾಲಿನಲ್ಲಿ ಸೇರಿಸಿ ತಾಲೀಮು ಮಾಡಿಸಿದರು.

"ಬನ್ನೀ, ಬನ್ನೀ! ಗಾಳಿ ನೋಡಿ, ಬೆಳಕು ನೋಡಿ!" ಅಂತ ಮಾರುಕಟ್ಟೆಯ ಗಂಟಲು ತೆಗೆದರು. ಚಿಕ್ಕವಳು ಹೆದರಿ ನನ್ನ ಹಿಂದೆ ಅವಿತಳು. ನಾನು, "ಮುಂದೆ ಹೋಗಿ, ಅಡುಗೆಮನೆ ಖಾಲಿ ಇದೆ!" ಅಂದೆ. ಎಲ್ಲರಿಗೂ ನಗು.

"ನೀನೂ ಹೇಳೇ," ಅಂತ ಅತ್ತೆ ದೊಡ್ಡವಳ ಬೆನ್ನು ತಟ್ಟಿದರು.

"ಏನು ಹೇಳ್ಲಿ ಅಜ್ಜಿ?"

"ಏನಾದ್ರೂ. ಮನಸ್ಸಿಗೆ ಬಂದಿದ್ದು ಹೇಳು, ಜೋರಾಗಿ ಹೇಳು."

ದೊಡ್ಡವಳು ಒಂದು ಸಲ ಉಸಿರೆಳೆದುಕೊಂಡಳು. "ನಂಗೆ ಹದಿನೈದು ವರ್ಷ!" ಅಂದಳು. "ಈ ಮನೇಲಿ ಒಂದು ದಿನಾನೂ ಹೊಟ್ಟೆ ತುಂಬ ನಕ್ಕಿಲ್ಲ! ಒಬ್ಳು ಫ್ರೆಂಡನ್ನ ಕರ್ಕೊಂಡು ಬಂದಿಲ್ಲ! ಬಚ್ಚಲುಮನೇಲಿ ಕೂತು ಓದ್ತೀನಿ ಅಂತ ಕ್ಲಾಸಲ್ಲಿ ಎಲ್ಲರಿಗೂ ಗೊತ್ತು! ಹೊಸ ಮನೇಲೂ ಒಳ್ಳೆ ರೂಮು ಸಿಸ್ಟರತ್ತೆಗೇನಾ? ಅವರೊಬ್ಬರ ನಿದ್ದೆಗೆ ನಾವು ಐದು ಜನ ಬಾಯಿಲ್ಲದವರ ಹಾಗೆ ಬದುಕಬೇಕಾ?"

ಯಾರೂ ನಗಲಿಲ್ಲ. ತಾರಸಿಯ ಮೆಟ್ಟಿಲ ಬಾಗಿಲಲ್ಲಿ ನಾದಿನಿ ಖಾಲಿ ಲೋಟ ಹಿಡಿದು ನಿಂತಿದ್ದಳು. ದೊಡ್ಡವಳು ಅವಳನ್ನು ನೋಡಿ ಬಿಳಿಚಿಕೊಂಡಳು. ನಾದಿನಿ ಲೋಟ ತೊಳೆದಿಟ್ಟು, ತಲೆ ಬಾಚಿಕೊಂಡು, "ಬರ್ತೀನಿ ಅಮ್ಮ" ಅಂತ ಡ್ಯೂಟಿಗೆ ಹೊರಟುಹೋದಳು. ಇನ್ನೂ ಎರಡು ಗಂಟೆ ಸಮಯವಿತ್ತು.

ಮಂಗಳವಾರ ಅವಳಿಗೆ ರಜೆ. ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತಾ, ಪಲ್ಯಕ್ಕೆ ಉಪ್ಪು ಕಮ್ಮಿ ಅನ್ನುವಷ್ಟೇ ಸಹಜವಾಗಿ ಹೇಳಿದಳು.

"ಆಸ್ಪತ್ರೆ ಹಿಂದಿನ ಹಾಸ್ಟೆಲಲ್ಲಿ ರೂಮು ಕೇಳಿದೀನಿ. ಮುಂದಿನ ತಿಂಗಳು ಖಾಲಿ ಆಗುತ್ತಂತೆ. ಮುಂಗಡ ಕೊಟ್ಟು ಬಂದೆ."

ನನ್ನ ಗಂಡನಿಗೆ ಸರಿಯಾಗಿ ಕೇಳಿಸಲಿಲ್ಲ. "ಯಾರಿಗೆ ರೂಮು?"

"ನಂಗೆ ಅಣ್ಣ. ನೀವು ಮನೆ ಮಾರೋದೂ ಬೇಡ, ಅಲೆಯೋದೂ ಬೇಡ. ಪರದೆ ತೆಗೆದ್ರೆ ಅರ್ಧ ಹಾಲ್ ಸಿಗುತ್ತೆ. ಅಲ್ಲಿ ಮಗು ಟೇಬಲ್ ಹಾಕ್ಕೊಂಡು ಓದ್ಲಿ."

"ನೀನು ಹೋದ್ರೆ ಮನೆ ದೊಡ್ಡದಾಗುತ್ತಾ?"

"ಆಗುತ್ತಲ್ಲ. ಅಳೆದು ನೋಡು ಬೇಕಾದ್ರೆ."

"ಏನಮ್ಮಾ ಸಿಸ್ಟರ್," ಅಂದರು ಅತ್ತೆ, "ನಿನ್ನನ್ನ ಹೊರಗೆ ಹಾಕಿ ನಾವಿಲ್ಲಿ ಕಾಲು ಚಾಚಿಕೊಂಡು ಮಲಗಬೇಕಾ?"

"ಯಾರೂ ಹೊರಗೆ ಹಾಕ್ತಿಲ್ಲಮ್ಮ. ನಾನೇ ಹೋಗ್ತಿದೀನಿ. ಸಂಬಳ ಮುಂಚಿನ ಹಾಗೇ ಕೊಡ್ತೀನಿ."

"ನಿನ್ನ ಸಂಬಳ ಯಾರು ಕೇಳಿದ್ರು!" ಅತ್ತೆಯ ಕೈಯ ತುತ್ತು ತಟ್ಟೆಗೆ ಬಿತ್ತು.

ಅಷ್ಟರಲ್ಲಿ ದೊಡ್ಡವಳು ಅಳುತ್ತಾ ಎದ್ದು ನಿಂತಳು. "ಹಿಂದಿನ ರೂಮು ನಂಗೆ ಬೇಡ. ಸಿಸ್ಟರತ್ತೆಗೇ ಇರಲಿ. ಆದ್ರೆ ನಾನು ಸಾರಿ ಕೇಳಲ್ಲ. ನಾನು ಹೇಳಿದ್ರಲ್ಲಿ ಒಂದೂ ಸುಳ್ಳಿಲ್ಲ!"

"ಸುಳ್ಳಿಲ್ಲ ಕಣೇ," ಅಂದಳು ನಾದಿನಿ. "ಕೂತ್ಕೋ, ಊಟ ಮಾಡು. ನಿನ್ನ ಮೇಲೆ ನಂಗೆ ಯಾವ ಕೋಪಾನೂ ಇಲ್ಲ."

ಕೋಪ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೋಪವಿದ್ದವರನ್ನು ಒಲಿಸಬಹುದು. ಇವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಗುರುವಾರ ಬಂದವರು ಗಂಡ ಹೆಂಡತಿ, ಇಬ್ಬರೂ ಹಗಲು ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಅತ್ತೆ ಅವರನ್ನು ಗಂಟಲು ತೆರೆದೇ ಬರಮಾಡಿಕೊಂಡರು. "ಪಕ್ಕದಲ್ಲಿ ಟೈರ್ ಅಂಗಡಿ ಇದೆ, ಒಂಬತ್ತರಿಂದ ಆರು ಗಂಟೆ ಸುತ್ತಿಗೆ ಹೊಡೀತಾರೆ. ಆಮೇಲೆ ಹೇಳ್ಲಿಲ್ಲ ಅನ್ಬೇಡಿ" ಅಂತ ಮೊದಲೇ ಹೇಳಿಬಿಟ್ಟರು. ಕೀಚೈನ್ ಹಣೆ ಹಣೆ ಚಚ್ಚಿಕೊಂಡ. ಆ ಹೆಂಗಸು, "ಒಂಬತ್ತಕ್ಕೆ ನಾವು ಹೊರಟುಬಿಟ್ಟಿರ್ತೀವಿ ಬಿಡಿ" ಅಂತ ಬಚ್ಚಲುಮನೆ ನೋಡಲು ಹೋದಳು. ಶನಿವಾರ ಅವರೇ ಫೋನ್ ಮಾಡಿದರು. ಮನೆ ಹೋಯಿತು, ನಾವು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಗೆ.

ನಾದಿನಿ ಸಿಹಿ ತಂದು ಎಲ್ಲರ ಕೈಗೂ ಕೊಟ್ಟಳು. ಹಾಸ್ಟೆಲಿನ ಮಾತು ಮಾತ್ರ ಬಿಡಲಿಲ್ಲ. ಮಾರಿದ್ದಾಯಿತು, ಹೊಸ ಮನೆಯಲ್ಲಿ ನೀವೆಲ್ಲ ಸುಖವಾಗಿರಿ, ಹಿಂದಿನ ರೂಮು ಮಗು ಓದಿಗೆ ಆಗುತ್ತೆ ಅಂದಳು. ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಅವಳ ಬಟ್ಟೆ ತುಂಬಿದ್ದಾಗಿತ್ತು. ಇಷ್ಟು ವರ್ಷ ದುಡಿದವಳ ಸಾಮಾನು ಎರಡೇ ಪೆಟ್ಟಿಗೆ!

ಆ ವಾರ ನನಗೆ ಬೆಳಗಿನ ಪಾಳಿ, ಆಸ್ಪತ್ರೆ ರೂಟು. ಏಳೂ ಮುಕ್ಕಾಲಿಗೆ ನಾದಿನಿ ನನ್ನ ಬಸ್ಸು ಹತ್ತಿದಳು. ಜನ ಕಿಕ್ಕಿರಿದಿದ್ದರು. ನಾನು ಕೂಗುತ್ತಿದ್ದೆ, ಒಂದು ಮಗು ಅಳುತ್ತಿತ್ತು, ಡ್ರೈವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ತಿರುಗಿ ನೋಡಿದರೆ ಕಂಬಿ ಹಿಡಿದು ನಿಂತಲ್ಲೇ ಅವಳಿಗೆ ನಿದ್ದೆ. ಸೀಟಿನಲ್ಲಿದ್ದ ಒಬ್ಬರನ್ನು ಎಬ್ಬಿಸಿ ಅವಳನ್ನು ಕೂರಿಸಿದೆ. ನಮ್ಮ ಸ್ಟಾಪು ಬಂತು, ಎಬ್ಬಿಸಲಿಲ್ಲ. ಕೊನೆಯ ಸ್ಟಾಪು ಬಸ್‌ಸ್ಟ್ಯಾಂಡು; ಅದನ್ನು ಮುಟ್ಟಿ, ಇನ್ನೊಂದು ತುದಿಗೆ ವಾಪಸು ಹೋಗಿ, ಮತ್ತೆ ಅಲ್ಲಿಗೇ ಬಂದೆವು. ಎರಡು ಟಿಕೆಟ್ ನನ್ನ ದುಡ್ಡಲ್ಲಿ ಹರಿದು ಅವಳ ಬ್ಯಾಗಿಗೆ ಸಿಕ್ಕಿಸಿದೆ. ಚೆಕಿಂಗಿನವರು ಬಂದರೆ ಅವಳ ಮರ್ಯಾದೆಯ ಪ್ರಶ್ನೆ.

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾದ ಮೇಲೆ ಅವಳ ಪಕ್ಕ ಕೂತೆ. ಕಣ್ಣು ಬಿಟ್ಟಳು.

"ಎಲ್ಲಿದೀನಿ ಅತ್ತಿಗೆ?"

"ಊರೆಲ್ಲ ಎರಡು ಸಲ ಸುತ್ತಿದೆ. ಚೆನ್ನಾಗಿ ನಿದ್ದೆ ಮಾಡಿದೆ. ಈಗ ನಿಜ ಹೇಳು, ಮಗು ಮಾತಿಗೆ ತಾನೇ ಹೊರಟಿದ್ದು?"

"ಅಲ್ಲ." ಕಿಟಕಿಯಾಚೆ ನೋಡಿದಳು. "ಅವತ್ತು ಮೆಟ್ಟಿಲ ಬಾಗಿಲಲ್ಲಿ ನಿಂತಾಗ ನಂಗೆ ಏನನ್ನಿಸ್ತು ಗೊತ್ತಾ? ಅಣ್ಣನ ಮನೆ, ಅಣ್ಣನ ಮಕ್ಕಳು. ನಾನೊಬ್ಳು ಉಳ್ಕೊಂಡಿರೋಳು. ಹನ್ನೊಂದು ವರ್ಷ ನಿಮ್ಮೆಲ್ಲರ ಗಂಟಲಿಗೆ ಅಡ್ಡ ಕೂತಿದ್ದೆ. ಈಗ ಇನ್ನೊಂದು ಮನೇಲೂ ಒಳ್ಳೆ ರೂಮು ಹಿಡ್ಕೊಂಡು ಕೂತ್ಕೊಳ್ಳೋದಾ? ನೆಂಟರು ಎಷ್ಟು ದಿನ ಇರ್ತಾರೆ ಅತ್ತಿಗೆ?"

ಬಸ್ಸಿನಲ್ಲಿ ನನ್ನ ಬಾಯಿ ಮುಚ್ಚಿಸಿದವರು ಇವತ್ತಿನವರೆಗೆ ಅವಳೊಬ್ಬಳೇ.

ಸಂಜೆ ನನ್ನ ಗಂಡನ ಒಳ್ಳೆಯ ಕಿವಿಯ ಕಡೆ ಕೂತು ಅಷ್ಟನ್ನೂ ಹೇಳಿದೆ. ಅವರು ಮಾತಾಡುವ ಜನವಲ್ಲ. ಕೈಬೆರಳ ಸಂದಿಯ ಮಸಿ ಉಜ್ಜಿಕೊಳ್ಳುತ್ತಾ ಕೇಳಿದರು. ಉಜ್ಜಿದರು, ಉಜ್ಜಿದರು, ಚರ್ಮ ಕೆಂಪಗಾಯಿತು.

"ನೆಂಟಳಂತಾ?" ಅಂದರು ಕೊನೆಗೆ. "ಅವಳು ಹಾಗಂದ್ಲಾ?" ಎದ್ದು ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿದರು. ಅವರ ಪಿಸುಮಾತು, ಬೇಡವೆಂದರೂ ನನಗೆ ಎಲ್ಲ ಕೇಳಿಸಿತು. ನಾದಿನಿಯ ಮುಂದೆ ನಾನು ಬಾಯಿಬಿಡಲಿಲ್ಲ. ಮಾರನೇ ದಿನ ಅವರು ತಂಗಿಯ ಹತ್ತಿರ ಹೋಗಿ, "ಹೊಸ ಮನೆ ನೋಂದಣಿ ದಿನ ಬಾ, ಸಾಕ್ಷಿ ಬೇಕು. ನಿನ್ನ ಗುರುತಿನ ಕಾರ್ಡು ಕೊಡು, ಪತ್ರ ಬರೆಯೋರು ಕೇಳ್ತಿದಾರೆ" ಅಂದರು. ಅವಳು ಕೊಟ್ಟಳು. ಸಾಕ್ಷಿಗೆ ತಾನೇ ಅಂದುಕೊಂಡು ಹೆಚ್ಚು ಯೋಚಿಸಲೂ ಇಲ್ಲ.

ನೋಂದಣಿ ದಿನ ಅವಳು ಡ್ಯೂಟಿ ಮುಗಿಸಿ ನೇರ ಕಚೇರಿಗೇ ಬಂದಳು. ಕಣ್ಣು ಕೆಂಪಗಿದ್ದವು. ಉದ್ದ ಬೆಂಚಿನ ಮೇಲೆ ಡ್ರಾಯಿಂಗ್ ಮೇಷ್ಟ್ರು, ಅತ್ತೆ, ನನ್ನ ಗಂಡ, ನಾನು. ಇನ್ನೊಂದು ಕಡೆ ದೊಡ್ಡವಳು ಚಿಕ್ಕವಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದಳು. ನಾದಿನಿ ಬಂದ ಕೂಡಲೇ ದೊಡ್ಡವಳು ನೀರಿನ ಬಾಟಲಿ ಮುಂದೆ ಮಾಡಿದಳು. ಅವಳು ಅರ್ಧ ಕುಡಿದು ವಾಪಸು ಕೊಟ್ಟಳು.

ಮೇಜಿನ ಹಿಂದಿನ ಅಧಿಕಾರಿ ಕಾಗದ ತಿರುವುತ್ತಾ ಕೇಳಿದರು, "ಸಾಕ್ಷಿಯವರು ಬನ್ನಿ."

ನಾದಿನಿ ಎದ್ದು ಹೋಗಿ ಪೆನ್ನಿಗೆ ಕೈಚಾಚಿದಳು. ಅಧಿಕಾರಿ ಅವಳ ಕಾರ್ಡು ನೋಡಿ, ಕಾಗದ ನೋಡಿ, ಹುಬ್ಬುಗಂಟಿಕ್ಕಿದರು.

"ಅಲ್ಲಮ್ಮ, ಕೊಳ್ಳೋರೇ ಸಾಕ್ಷಿ ಹಾಕೋ ಹಾಗಿಲ್ಲ."

"ಕೊಳ್ಳೋರು ನಮ್ಮಣ್ಣ ಸರ್. ಅಲ್ಲಿ ಕೂತಿದಾರಲ್ಲ."

"ಅವರದ್ದು ಎರಡನೇ ಹೆಸರು. ಮೊದಲನೇದು ನಿಮ್ಮದೇ ಇದೆ. ಓದಿ ನೋಡಿ."

ಅವಳು ಓದಿದಳು. ಒಂದು ಸಲ ಓದಿದಳು, ಎರಡನೇ ಸಲ ಬೆರಳಿಟ್ಟು ಓದಿದಳು. ಆಮೇಲೆ ತಿರುಗಿ, ಇಡೀ ಕಚೇರಿಗೆ ಕೇಳುವ ಹಾಗೆ ಅಣ್ಣನ ಮೇಲೆ ರೇಗಿದಳು.

"ಅಣ್ಣಾ! ಯಾರನ್ನ ಕೇಳಿ ಹಾಕಿಸ್ದೆ?"

"ಕೇಳಿದ್ರೆ ಬೇಡ ಅಂತಿದ್ದೆ."

"ನಾನು ಹಾಸ್ಟೆಲಿಗೆ ಮುಂಗಡ ಕೊಟ್ಟಿದೀನಿ!"

"ಹೋಗಿ ವಾಪಸು ಇಸ್ಕೊಂಡು ಬಾ," ಅಂದರು ಅತ್ತೆ ಕೂತಲ್ಲಿಂದಲೇ. "ಕೊಡದಿದ್ರೆ ನನ್ನ ಕಳಿಸು. ನಾನು ವಸೂಲಿ ಮಾಡ್ತೀನಿ."

ಅಧಿಕಾರಿಗೆ ತಮಾಷೆಯೆನಿಸಿರಬೇಕು. "ಅಲ್ಲ ಯಜಮಾನ್ರೇ, ಅಣ್ಣ ನೀವು, ದೊಡ್ಡವರು. ತಂಗಿ ಹೆಸರು ಮೊದಲು ಯಾಕೆ ಬರೆಸಿದ್ರಿ?"

"ಇಪ್ಪತ್ತೆರಡು ವರ್ಷ ಪ್ರೆಸ್ಸಲ್ಲಿ ಹೆಸರು ಜೋಡಿಸ್ತಿದೀನಿ ಸರ್," ಅಂದರು ನನ್ನ ಗಂಡ. "ಯಾರ ಹೆಸರು ಮೊದಲು ಬರಬೇಕು ಅಂತ ನಂಗೆ ಗೊತ್ತು. ಮನೆ ಅವಳದ್ದು. ನಾವು ಅವಳ ಜೊತೆ ಇರ್ತೀವಿ."

ಅರ್ಧ ಕಿವುಡು ಮನುಷ್ಯ, ತುಸು ಜೋರಾಗೇ ಹೇಳಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹದಿನೇಳು ವರ್ಷದ ಸಂಸಾರದಲ್ಲಿ ಆ ಗಂಡಸಿನ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ. ನಾದಿನಿ ಅಳುತ್ತಲೇ ಸಹಿ ಹಾಕಿದಳು.

"ಹಾಗಾದ್ರೆ ಸಾಕ್ಷಿಗೆ ಯಾರು?" ಅಂದರು ಅಧಿಕಾರಿ. "ಬೇಗ ಬನ್ನಿ, ಹಿಂದೆ ಜನ ಇದಾರೆ."

ನಾನು ಎದ್ದು ಹೋದೆ. ಅವರು ಕಾಗದ ನನ್ನ ಕಡೆ ತಿರುಗಿಸಿ, ಎಲ್ಲರನ್ನೂ ಕೇಳುವ ಮಾತನ್ನೇ ಕೇಳಿದರು.

"ಇವರು ಈ ಮನೆ ಕೊಂಡಿದ್ದನ್ನ ಕಣ್ಣಾರೆ ನೋಡಿದೀರಾ?"

"ನೋಡಿದೀನಿ ಸರ್," ಅಂದೆ, ಬಸ್ಸಿನ ಗಂಟಲಲ್ಲೇ ಅಂದೆ. "ಹನ್ನೊಂದು ವರ್ಷದಿಂದ ದಿನಾ ಬೆಳಗ್ಗೆ ನೋಡ್ತಾ ಇದೀನಿ."